ಉಗ್ರಾಣದೊಳಗಿನ ರಷ್ಯಾ

ಬೆಟ್ಟಗಳ ನಡುವಿನ ನಮ್ಮ ಚೋರ್‌ತೂತ್ ಹಳ್ಳಿಯಲ್ಲಿ ಹಿಪ್ಪುನೇರಳೆ ಹಣ್ಣು ಉದುರಿಸುವ ಕಾಲ ಬಂತೆಂದರೆ ಗಂಡಸರ ಕೈ ಸಾಲುವುದಿಲ್ಲ. ಮರ ಹತ್ತಿ ಕೊಂಬೆ ಅಲ್ಲಾಡಿಸುವ ವಯಸ್ಸಿನವರೆಲ್ಲ ರಷ್ಯಾದಲ್ಲಿ. ಒಬ್ಬ ಮಾಸ್ಕೋದಲ್ಲಿ ಗೋಡೆ ಕಟ್ಟುತ್ತಾನೆ, ಇನ್ನೊಬ್ಬ ಸೈಬೀರಿಯಾದ ಯಾವುದೋ ಊರಿನಲ್ಲಿ ಬೀದಿಯ ಹಿಮ ಗುಡಿಸುತ್ತಾನೆ. ಆದ್ದರಿಂದ ಇಲ್ಲಿ ಯಾರಾದರೂ "ನಿಮ್ಮ ಮಗ ಎಲ್ಲಿ?" ಎಂದು ಕೇಳಿದರೆ "ರಷ್ಯಾದಲ್ಲಿ" ಎಂದರೆ ಸಾಕು. ಮಾತು ಅಲ್ಲಿಗೆ ಮುಗಿಯುತ್ತದೆ. ಅದರ ಮೇಲೆ ಇನ್ನೊಂದು ಪ್ರಶ್ನೆ ಬರುವುದಿಲ್ಲ.

ಶಕರ್‌ಮೊ ಕೂಡ ಹಾಗೆಯೇ ಹೇಳುತ್ತಿದ್ದಳು.

ಆ ದಿನ ಹೆಂಗಸರೆಲ್ಲ ಸೇರಿ ಮರದ ಕೆಳಗೆ ದೊಡ್ಡ ಬಟ್ಟೆ ಹಾಸಿ ಅದರ ಅಂಚು ಹಿಡಿದು ನಿಂತಿದ್ದರು. ಮೇಲೆ ಒಬ್ಬ ಮುದುಕ ಕೊಂಬೆ ಕುಲುಕುತ್ತಿದ್ದ. ಹಣ್ಣು ಟಪಟಪನೆ ಬೀಳುತ್ತಿತ್ತು.

"ಏನೇ ಶಕರ್‌ಮೊ, ಎಲ್ಚಿಬೆಕ್ ಫೋನ್ ಮಾಡಿದ್ನಾ?" ಎಂದು ಬಟ್ಟೆಯ ಆ ತುದಿಯಿಂದ ಪಕ್ಕದ ಮನೆಯ ಸುಲ್ತೋನ್‌ಬೇಗಿಮ್ ಕೂಗಿದಳು. ಆಕೆಯ ದನಿ ನದಿಯ ಆಚೆ ದಡಕ್ಕೂ ಕೇಳಿಸುವಂಥದ್ದು.

"ಮಾಡ್ದ ಕಣೇ, ನಿನ್ನೆ ತಾನೇ. ತುಂಬಾ ಕೆಲಸವಂತೆ. ಉಣ್ಣೋಕೂ ಪುರುಸೊತ್ತಿಲ್ವಂತೆ."

"ನಮ್ಮ ಮಗ ಮುಬೋರಕ್‌ಶೊದೂ ಅದೇ ಗೋಳು. ಅವನಿಲ್ದೆ ಅವನ ಮಾಲೀಕ ಒಂದು ಇಟ್ಟಿಗೇನೂ ಇಡಲ್ವಂತೆ!"

ದೂರದ ಮಗ ಏನಾದರೂ ಕಳಿಸಿದರೆ ನೆರೆಹೊರೆಗೆ ಹಂಚುವುದು ನಮ್ಮಲ್ಲಿ ಪದ್ಧತಿ. ಹಂಚದಿದ್ದರೆ ಜಿಪುಣಿ ಎನ್ನುತ್ತಾರೆ, ಇಲ್ಲವೇ ಮಗ ಮರೆತುಬಿಟ್ಟ ಎನ್ನುತ್ತಾರೆ. ಶಕರ್‌ಮೊ ಜೇಬಿನಿಂದ ಬಣ್ಣದ ಕಾಗದದ ಚಾಕಲೇಟು ತೆಗೆದು ಒಬ್ಬೊಬ್ಬರ ಕೈಗೆ ಇಟ್ಟಳು.

ಸುಲ್ತೋನ್‌ಬೇಗಿಮ್ ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡಳು. ಚಪ್ಪರಿಸಿದಳು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. "ಚೆನ್ನಾಗಿದೆ ಮಾರಾಯ್ತಿ. ಆದ್ರೆ ಇದೇ ಚಾಕಲೇಟು ಖೊರೋಗ್ ಪಟ್ಟಣದ ಬಜಾರಿನಲ್ಲೂ ಸಿಗುತ್ತಲ್ವಾ? ಆ ಹಸಿರು ಬಾಗಿಲಿನ ಅಂಗಡೀಲಿ?"

ಶಕರ್‌ಮೊ ಇನ್ನೊಂದು ಚಾಕಲೇಟು ಅವಳ ಕೈಗೆ ತುರುಕಿದಳು. "ಬಜಾರಿಗೂ ಎಲ್ಲಾ ಬರೋದು ರಷ್ಯಾದಿಂದ್ಲೇ ತಾನೇ!" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಕಂಬಕ್ಕೆ ಒರಗಿ ಕುಳಿತಳು.

ಯಾಕೆಂದರೆ ಅವಳ ಮಗ ಎಲ್ಚಿಬೆಕ್ ರಷ್ಯಾದಲ್ಲಿರಲಿಲ್ಲ. ಅಡುಗೆ ಒಲೆಯ ಹಿಂದಿನ ಉಗ್ರಾಣದಲ್ಲಿ, ಹಿಟ್ಟಿನ ಪೆಟ್ಟಿಗೆಗೂ ಗೋಡೆಗೂ ನಡುವೆ, ಕಂಬಳಿ ಹೊದ್ದು ಮಲಗಿದ್ದ.

ಎಲ್ಚಿಬೆಕ್ ಬಡಗಿ. ಬಡಗಿಯೆಂದರೆ ಬಾಗಿಲು ಕಿಟಕಿ ಮಾಡಿಕೊಡುವ ಬಡಗಿಯಲ್ಲ. ನಮ್ಮ ಮನೆಗಳ ಚಾವಣಿಯ ನಡುವೆ, ಚೌಕದ ಮೇಲೆ ಚೌಕ ತಿರುಗಿಸಿ ಇಟ್ಟು, ತೊಲೆಗಳಿಂದ ಬೆಳಕಿಂಡಿ ಕಟ್ಟುತ್ತಾರಲ್ಲ, ಒಂದು ಮೊಳೆಯೂ ಇಲ್ಲದೆ ಅದನ್ನು ಕೂರಿಸುವ ಕೈ ಅವನದು. ಒಂದು ಸಲ ಅಂಥದೇ ಚಾವಣಿಯಿಂದ ಬಿದ್ದು ಬೆನ್ನು ನೋವು ಮಾಡಿಕೊಂಡ. ಗೆಳೆಯನೊಬ್ಬ ಬಂದು, "ನದಿಯಾಚೆಯ ದೇಶದಿಂದ ಬಂದಿರೋ ಮಾಲು. ಒಂದು ಚಿಟಿಕೆ ಎಳ್ಕೋ, ನೋವು ಹಾರಿಹೋಗುತ್ತೆ" ಎಂದು ಬಿಳಿ ಪುಡಿ ಕೊಟ್ಟ. ನೋವು ಹಾರಿಹೋಯಿತು. ಆಮೇಲೆ ಬೆನ್ನು ನೋಯದ ದಿನವೂ ಪುಡಿ ಬೇಕಾಯಿತು. ಆಮೇಲೆ ಪುಡಿಯಿಲ್ಲದ ದಿನ ಮೈಯೆಲ್ಲ ನೋವು, ವಾಂತಿ, ನಡುಕ.

ಮನೆಯಿಂದ ಒಂದೊಂದೇ ವಸ್ತು ಕಾಣೆಯಾಯಿತು. ಗೋಡೆಯ ಜಮಖಾನ ಹೋಯಿತು. ಹೆಂಡತಿ ನೋಜನಿನ್‌ಳ ಮದುವೆಯ ಓಲೆ ಹೋಯಿತು. ಕೊನೆಗೆ ಅವನ ಉಳಿ, ಗರಗಸಗಳೂ ಹೋದವು. ಅಪ್ಪ ಇಮತ್‌ಶೊ ಹಿರಿಯರ ಜೊತೆ ಕಟ್ಟೆಯ ಮೇಲೆ ಕೂರುವುದನ್ನೇ ಬಿಟ್ಟ. ನೋಜನಿನ್ ಉಗ್ರಾಣದ ಬೀಗದ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಮಲಗಲು ಕಲಿತಳು. ಮೊಮ್ಮಗಳು ಜರಿನ ಶಾಲೆಯಲ್ಲಿ ಅಪ್ಪನ ಚಿತ್ರ ಬರೆದಳು. ಸುತ್ತ ಹಿಮ, ನಡುವೆ ಟೋಪಿ ಹಾಕಿದ ಅಪ್ಪ. "ನಮ್ಮಪ್ಪ ಮಾಸ್ಕೋದಲ್ಲಿದಾರೆ" ಎಂದು ಮೇಷ್ಟ್ರಿಗೆ ಹೇಳಿದಳು. ಅಪ್ಪ ಉಗ್ರಾಣದಲ್ಲಿರುವುದು ಆ ಮಗುವಿಗೂ ಗೊತ್ತಿತ್ತು. ಸುಳ್ಳು ಹೇಳಬೇಕೆನ್ನುವುದೂ ಗೊತ್ತಿತ್ತು. ಮನೆಗೆ ಗೆಳತಿಯರನ್ನು ಕರೆಯುವ ಹಾಗಿಲ್ಲ ಎನ್ನುವುದೂ ಗೊತ್ತಿತ್ತು.

ಆ ಮನೆಯಲ್ಲಿ ಪುಡಿ ಮುಟ್ಟಿದವನು ಒಬ್ಬನೇ. ಉಳಿದವರ ನಿದ್ದೆ, ಊಟ, ಮಾತು, ನಗು ಎಲ್ಲವನ್ನೂ ಆಳುತ್ತಿದ್ದದ್ದು ಮಾತ್ರ ಆ ಪುಡಿಯೇ.

"ರಷ್ಯಾ" ಎನ್ನುವ ಉಪಾಯ ಶಕರ್‌ಮೊಳದ್ದು. ಚಾಕಲೇಟು ಕೊಂಡು ತರುವುದು ಅವಳ ಕೆಲಸ. ಫೋನಿನ ಕೆಲಸ ಇಮತ್‌ಶೊನದು. ವಾರಕ್ಕೊಮ್ಮೆ ಆತ ಮನೆಯ ಮಾಳಿಗೆ ಹತ್ತಿ, ಸುಮ್ಮನೆ ಫೋನನ್ನು ಕಿವಿಗೆ ಹಿಡಿದು, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

"ಹಲೋ! ಎಲ್ಚಿಬೆಕ್! ಚೆನ್ನಾಗಿದೀಯಾ ಮಗಾ? ಅಲ್ಲಿ ಹಿಮ ಬೀಳ್ತಿದ್ಯಾ?"

ಒಮ್ಮೆ ಹಾಗೆ ಕೂಗುತ್ತಿದ್ದಾಗ, ಕಾಲ ಬುಡದ ಬೆಳಕಿಂಡಿಯಿಂದ, ಮನೆಯೊಳಗಿಂದ, ಸಣ್ಣ ದನಿಯೊಂದು ಬಂತು. "ಬೀಳ್ತಿದೆ ಅಪ್ಪಾ. ತುಂಬಾ ಬೀಳ್ತಿದೆ."

ಇಮತ್‌ಶೊ ಫೋನು ಜೇಬಿಗಿಟ್ಟು ಮಾಳಿಗೆಯ ಮೇಲೇ ಕುಳಿತುಬಿಟ್ಟ.

ಮನೆಯವರು ತಮಗೆ ತೋಚಿದ ಮದ್ದೆಲ್ಲ ಮಾಡಿದರು. ತೊಟ್ಟಿಲು ಕಟ್ಟುವ ಹಿರಿಯ ಕಂಬದ ಮೇಲೆ ಕೈ ಇಡಿಸಿ ಆಣೆ ಮಾಡಿಸಿದರು. ಆ ಕಂಬದ ಮುಂದೆ ನಮ್ಮಲ್ಲಿ ಯಾರೂ ಸುಳ್ಳಾಡುವುದಿಲ್ಲ. ಎಲ್ಚಿಬೆಕ್ ಅಳುತ್ತಾ ಆಣೆ ಮಾಡಿದ. ಮುರಿದ. ಮತ್ತೆ ಮಾಡಿದ. ಮತ್ತೆ ಮುರಿದ. ಕೊನೆಗೆ ಅವನನ್ನು ಹಗಲೂ ರಾತ್ರಿ ಒಳಗೇ ಕೂಡಿ ಉಗ್ರಾಣಕ್ಕೆ ಬೀಗ ಹಾಕಿದರು. ಅವನು ಬಾಗಿಲು ಬಡಿದ, ಬೇಡಿಕೊಂಡ, ಬೈದ. ಆಮೇಲೆ ಸುಮ್ಮನಾದ. ಊಟ ಮಾಡತೊಡಗಿದ. ಮುಖಕ್ಕೆ ಸ್ವಲ್ಪ ಬಣ್ಣವೂ ಬಂತು.

"ನೋಡಿದ್ಯಾ? ನನ್ನ ಮಗನ್ನ ನಾನೇ ವಾಸಿ ಮಾಡಿದೆ. ಯಾರಿಗೂ ಗೊತ್ತೂ ಆಗ್ಲಿಲ್ಲ" ಎಂದು ಶಕರ್‌ಮೊ ಸೊಸೆಗೆ ಹೇಳಿದಳು. ಬೀಗ ತೆಗೆದಳು.

ಎರಡು ದಿನ ಕಳೆಯಿತು. ಜರ್ದಾಳು ಹಣ್ಣನ್ನು ಮಾಳಿಗೆಯ ಮೇಲೆ ಹರವುತ್ತಿದ್ದ ನೋಜನಿನ್ ಕೆಳಗಿಳಿದು ಬಂದಾಗ ಎಲ್ಚಿಬೆಕ್ ಉಗ್ರಾಣದ ನೆಲದ ಮೇಲೆ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಉಸಿರು ಎಲ್ಲೋ ದೂರದಿಂದ ಬರುವಂತಿತ್ತು.

"ರಾನೊ ಅಕ್ಕನ್ನ ಕರೀತೀನಿ!" ಎಂದಳು ನೋಜನಿನ್.

"ಬೇಡ! ಊರಿಗೆಲ್ಲ ಗೊತ್ತಾಗುತ್ತೆ. ನೀರು ಚಿಮುಕಿಸು, ಎದ್ದೇಳ್ತಾನೆ" ಎಂದು ಶಕರ್‌ಮೊ ಬಾಗಿಲಿಗೆ ಅಡ್ಡ ನಿಂತಳು.

ನೋಜನಿನ್ ಮದುವೆಯಾಗಿ ಬಂದ ದಿನದಿಂದ ಅತ್ತೆಯ ಮಾತಿಗೆ ಎದುರಾಡಿದವಳಲ್ಲ. ಆ ದಿನ ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. "ಅತ್ತೆ, ಗೊತ್ತಾಗ್ಲಿ. ಗಂಡ ಸತ್ತ ಮೇಲೆ ಅವನು ರಷ್ಯಾದಲ್ಲಿ ಸತ್ತ ಅಂತ ಹೇಳ್ತೀರಾ?" ಎಂದು ಬರಿಗಾಲಲ್ಲೇ ಓಡಿದಳು.

ರಾನೊ ಎಂದರೆ ನಮ್ಮೂರ ಆರೋಗ್ಯ ಕೇಂದ್ರದ ನರ್ಸು, ರಾನೊಬೇಗಿಮ್. ಕೈ ಎಷ್ಟು ಮೆತ್ತಗೋ ನಾಲಗೆ ಅಷ್ಟೇ ಖಾರ. ಚೀಲ ಹಿಡಿದು ಬಂದವಳೇ ಎಲ್ಚಿಬೆಕ್‌ನ ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಉಸಿರು ಕೊಟ್ಟಳು. ತೊಡೆಗೆ ಒಂದು ಚುಚ್ಚುಮದ್ದು ಚುಚ್ಚಿದಳು. ಮತ್ತೆ ಉಸಿರು ಕೊಟ್ಟಳು. ಸ್ವಲ್ಪ ಹೊತ್ತಿಗೆ ಎಲ್ಚಿಬೆಕ್ ದೊಡ್ಡದಾಗಿ ಉಸಿರೆಳೆದು ಕಣ್ಣುಬಿಟ್ಟ.

"ಬದುಕಿದ" ಎಂದಳು ರಾನೊ. ಅವನನ್ನು ಮಗ್ಗುಲಾಗಿ ಮಲಗಿಸಿದಳು. ಆಮೇಲೆ ಶಕರ್‌ಮೊ ಕಡೆ ತಿರುಗಿದಳು. "ಅಕ್ಕಾ, ನಿಮ್ಮ ಮಾಸ್ಕೋ ತುಂಬಾ ಹತ್ತಿರದಲ್ಲಿದೆ ಕಣ್ರೀ."

ಶಕರ್‌ಮೊ ಮುಖ ಮುಚ್ಚಿಕೊಂಡಳು. "ಯಾರಿಗೂ ಹೇಳ್ಬೇಡಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ."

"ನಾನು ಹೇಳಲ್ಲ. ಅದು ನನ್ನ ಕೆಲಸವೂ ಅಲ್ಲ. ಆದ್ರೆ ಈ ಮದ್ದಿನ ಬಲ ಸ್ವಲ್ಪ ಹೊತ್ತು ಮಾತ್ರ. ಅದು ಇಳಿದ್ರೆ ಮತ್ತೆ ಉಸಿರು ನಿಲ್ಲಬಹುದು. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಗಾಡಿ ಕರೆಸ್ಲಾ?"

"ಗಾಡಿ ಬಂದ್ರೆ ಬೀದಿಯೆಲ್ಲ ಬರುತ್ತೆ."

ರಾನೊ ಹಲ್ಲು ಕಚ್ಚಿದಳು. "ಸರಿ, ನಾನು ಇಲ್ಲೇ ಕೂರ್ತೀನಿ. ಇನ್ನೊಂದು ಮದ್ದು ಚೀಲದಲ್ಲಿದೆ. ಅದನ್ನೂ ಕೊಡೋ ಹಾಗಾದ್ರೆ ನಿಮ್ಮ ಮಾತು ಕೇಳೋದಿಲ್ಲ, ಗಾಡಿ ಬಂದೇ ಬರುತ್ತೆ. ಈಗ ಚಹಾ ಮಾಡಿ. ಉಪ್ಪು ಜಾಸ್ತಿ ಹಾಕಿ, ಬೆಣ್ಣೆಗೆ ಕೈ ಬಿಗಿ ಮಾಡ್ಬೇಡಿ."

ಹಾಲು, ಉಪ್ಪು, ಬೆಣ್ಣೆಯ ಚಹಾ ಬಟ್ಟಲಿಗೆ ಬಂತು. ರಾನೊ ರೊಟ್ಟಿ ಮುರಿದು ಅದರಲ್ಲಿ ಹಾಕಿದಳು. ಮಲಗಿದವನ ಎದೆ ಏರಿಳಿಯುವುದನ್ನು ನೋಡುತ್ತಲೇ ಮಾತಿಗೆ ತೊಡಗಿದಳು.

"ಬೀಗ ಹಾಕಿದ್ರಿ ಅಲ್ವಾ?"

"ಹಾಕ್ದೆ. ವಾಸಿಯಾಗಿತ್ತು. ಅವನೇ ರಾತ್ರಿ ಕದ್ದು ಹೋಗಿ ಮತ್ತೆ…"

"ವಾಸಿಯಾಗಿರಲಿಲ್ಲ ಅಕ್ಕಾ. ಇಷ್ಟು ದಿನ ಪುಡಿ ಇಲ್ದೆ ಮೈಗೆ ಅದರ ಅಭ್ಯಾಸ ತಪ್ಪಿತ್ತು. ಆಸೆ ತಪ್ಪಿರಲಿಲ್ಲ. ಮೊದಲು ಎಳೀತಿದ್ದಷ್ಟೇ ಎಳ್ದ. ಮೈ ತಡೀಲಿಲ್ಲ. ಬಿಟ್ಟು ಮತ್ತೆ ಶುರು ಮಾಡಿದಾಗ್ಲೇ ಜೀವ ಹೋಗೋದು ಜಾಸ್ತಿ. ಬೀಗ ಹಾಕಿ ವಾಸಿ ಮಾಡಿದೆ ಅಂತ ಅಂದ್ಕೊಂಡವರ ಮನೇಲೇ ಹೀಗಾಗೋದು."

ಶಕರ್‌ಮೊ ಕಂಬದ ಕಡೆ ಕೈ ತೋರಿಸಿದಳು. "ಹಿರಿಯ ಕಂಬದ ಮೇಲೆ ಆಣೆ ಮಾಡಿದ್ದ. ಅದನ್ನೂ ಮುರಿದ. ಇವನಿಗೆ ಮನೆ ಅಂದ್ರೆ ಏನೂ ಇಲ್ಲ."

"ನಿಮ್ಮ ಯಜಮಾನರಿಗೆ ರಕ್ತದೊತ್ತಡ ಇದೆಯಲ್ಲಾ, ಅವರಿಗೂ ಕಂಬ ಮುಟ್ಟಿಸಿ ಆಣೆ ಮಾಡಿಸಿದ್ದೀರಾ?"

ಮೂಲೆಯಲ್ಲಿ ಕುಳಿತಿದ್ದ ಇಮತ್‌ಶೊ ಕೆಮ್ಮಿದ.

"ಅದು ಕಾಯಿಲೆ ಕಣಮ್ಮಾ" ಎಂದ.

"ಇದೂ ಕಾಯಿಲೆನೇ ದೊಡ್ಡಪ್ಪಾ. ಮಿದುಳಿನ ಕಾಯಿಲೆ. ಆಣೆಗೆ ಬಗ್ಗಲ್ಲ, ಬೈಗುಳಕ್ಕೆ ಬಗ್ಗಲ್ಲ, ಅಳುವಿಗೂ ಬಗ್ಗಲ್ಲ. ಅವನು ಕಂಬ ಮುಟ್ಟಿದಾಗ ಸುಳ್ಳು ಹೇಳಿರಲಿಲ್ಲ. ಆ ಕ್ಷಣ ನಿಜವಾಗ್ಲೂ ಬಿಡ್ಬೇಕು ಅಂತ್ಲೇ ಇತ್ತು. ಬಿಡೋ ಶಕ್ತಿ ಇರಲಿಲ್ಲ ಅಷ್ಟೆ. ಖೊರೋಗಿನಲ್ಲಿ ಚಿಕಿತ್ಸಾ ಕೇಂದ್ರ ಇದೆ. ವೈದ್ಯರು ಪರೀಕ್ಷೆ ಮಾಡಿ ಬಾಯಿಗೆ ಹಾಕೋ ಒಂದು ದ್ರವ ಔಷಧಿ ಕೊಡ್ತಾರೆ. ಎಷ್ಟು ಅಂತ ಅವರೇ ಗೊತ್ತು ಮಾಡ್ತಾರೆ. ನಡುಕ, ನೋವು ನಿಲ್ಲುತ್ತೆ. ತಲೆ ನೆಟ್ಟಗಿರುತ್ತೆ. ಕೆಲಸಕ್ಕೆ ಹೋಗಬಹುದು."

"ಒಂದು ವಿಷ ಬಿಡಿಸಿ ಇನ್ನೊಂದು ವಿಷ ಕುಡಿಸ್ತಾರಂತಲ್ಲ?" ಎಂದ ಇಮತ್‌ಶೊ. "ಕಟ್ಟೆ ಮೇಲೆ ಮಾತಾಡೋದು ಕೇಳಿದ್ದೀನಿ."

"ಕಟ್ಟೆ ಮೇಲೆ ಕೂತವರಲ್ಲಿ ಡಾಕ್ಟರು ಎಷ್ಟು ಜನ ಇದ್ರು ದೊಡ್ಡಪ್ಪಾ?"

ನೋಜನಿನ್ ಮುಖದ ಮೇಲೆ ಎಷ್ಟೋ ದಿನದ ಮೇಲೆ ನಗು ಹಾದುಹೋಯಿತು.

"ನಿಮ್ಮ ಮಾತ್ರೆ ದಿನಾ ನುಂಗ್ತೀರಿ. ಅದನ್ನ ಚಟ ಅಂತೀರಾ? ಇದೂ ಹಾಗೇ. ಒಂದು ವರ್ಷ ಬೇಕಾಗಬಹುದು, ಹತ್ತು ವರ್ಷ ಬೇಕಾಗಬಹುದು. ಡಾಕ್ಟರು ಹೇಳೋವರೆಗೂ ನಿಲ್ಲಿಸೋ ಹಾಗಿಲ್ಲ. ಒಂದೇ ಒಂದು ಕಷ್ಟ. ದಿನಾ ಹೋಗಿ ನರ್ಸ್ ಎದುರಿಗೇ ಕುಡೀಬೇಕು. ಮೊದಮೊದಲು ಮನೆಗೆ ಕೊಡಲ್ಲ."

"ದಿನಾನಾ?" ಶಕರ್‌ಮೊ ಬಟ್ಟಲು ಕೆಳಗಿಟ್ಟಳು.

ನಮ್ಮೂರಿಂದ ಪಟ್ಟಣಕ್ಕೆ ಹೋಗುವುದು ಒಂದೇ ವ್ಯಾನು. ಬೆಳಗ್ಗೆ ಹಿಪ್ಪುನೇರಳೆ ಮರದ ಕೆಳಗಿನಿಂದ ಹೊರಡುತ್ತದೆ. ಅದರಲ್ಲಿ ಬಜಾರಿಗೆ ಹೋಗುವವರು, ಶಾಲೆಗೆ ಹೋಗುವವರು, ಸುಲ್ತೋನ್‌ಬೇಗಿಮ್, ಅವಳ ಕೋಳಿ, ಎಲ್ಲವೂ ಇರುತ್ತವೆ. ರಷ್ಯಾದಲ್ಲಿರುವವನು ಆ ವ್ಯಾನಿನಲ್ಲಿ ದಿನಾ ಹೇಗೆ ಕೂರುತ್ತಾನೆ?

"ಅದೇ ಅಕ್ಕಾ. ಗುಟ್ಟೂ ಉಳೀಬೇಕು, ಮಗನೂ ಉಳೀಬೇಕು ಅಂದ್ರೆ ಆಗಲ್ಲ. ಎರಡರಲ್ಲಿ ಒಂದನ್ನ ಆರಿಸ್ಕೊಳ್ಳಿ" ಎಂದಳು ರಾನೊ.

ರಾತ್ರಿ ತಡವಾಗಿ, ಅವನ ಉಸಿರು ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ, ಹೊರಡುವಾಗ ಅವಳು ನೋಜನಿನ್‌ಳನ್ನು ಅಂಗಳಕ್ಕೆ ಕರೆದಳು. "ನಿನ್ನ ಕಥೆ ಏನೇ ಹುಡುಗಿ? ಕೊನೇ ಸಲ ಹೊಟ್ಟೆ ತುಂಬಾ ಉಂಡಿದ್ದು ಯಾವಾಗ?" ನೋಜನಿನ್ ಕುತ್ತಿಗೆಯ ಬೀಗದ ಕೈ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಅತ್ತಳು. "ಶುಕ್ರವಾರ ನನ್ನ ಕೇಂದ್ರಕ್ಕೆ ಬಾ. ಬೇರೆ ಊರುಗಳಿಂದ ಇಂಥ ಮನೆಗಳ ಹೆಂಗಸರು ಬರ್ತಾರೆ. ಚಹಾ ಕುಡೀತೀವಿ, ಬೈಕೋತೀವಿ, ಅಳ್ತೀವಿ, ನಗ್ತೀವಿ. ಅವನ ಕಾಯಿಲೆಗೆ ನೀನು ಕಾರಣ ಅಲ್ಲ. ಅವನನ್ನ ನೀನೊಬ್ಬಳೇ ವಾಸಿ ಮಾಡೋಕೂ ಆಗಲ್ಲ. ಇದನ್ನ ಮೊದಲು ತಲೇಲಿಟ್ಕೋ. ಆ ಬೀಗದ ಕೈನೂ ಬಿಚ್ಚಿಡು."

ಮಾರನೆಯ ದಿನ ಶಕರ್‌ಮೊ ಪೆಟ್ಟಿಗೆ ತೆಗೆದಳು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಕೆಂಪು ಅಂಗಿ ತೊಟ್ಟಳು. ಬಿಳಿ ತಲೆವಸ್ತ್ರ ಕಟ್ಟಿದಳು. ಮಗನ ಮುಖ ತೊಳೆಸಿ, ತಾನು ಹೆಣೆದ ಬಣ್ಣದ ಉಣ್ಣೆ ಕಾಲುಚೀಲ ಅವನಿಗೆ ತೊಡಿಸಿದಳು. "ರಷ್ಯಾಕ್ಕೆ ಕಳಿಸ್ತೀನಿ ಅಂತ ಎಲ್ಲರೆದುರಿಗೂ ಹೆಣೆದಿದ್ದು. ಹಾಕ್ಕೋ" ಎಂದಳು.

"ಅಮ್ಮಾ, ಹಿತ್ತಿಲ ದಾರಿಯಿಂದ ರಸ್ತೆಗೆ ಹೋಗೋಣ. ಮುಂದಿನ ತಿರುವಿನಲ್ಲಿ ವ್ಯಾನು ಹತ್ತಬಹುದು" ಎಂದ ಎಲ್ಚಿಬೆಕ್.

"ಮುಂದಿನ ತಿರುವಲ್ಲಿ ಹತ್ತಿದ್ರೂ ಒಳಗೆ ಕೂತಿರೋದು ಅದೇ ಜನ ಕಣೋ. ನಡಿ."

ಬೀದಿಯ ನಡುವೆ ಅವನ ಕೈ ಹಿಡಿದು ನಡೆದಳು. ಮಗನ ಕೈ ಬೆವರುತ್ತಿತ್ತು. ಅವಳದೂ ಬೆವರುತ್ತಿತ್ತು. ಮರದ ಕೆಳಗೆ ವ್ಯಾನಿನ ಸುತ್ತ ನಿಂತವರ ಮಾತು ಒಬ್ಬೊಬ್ಬರದೇ ನಿಂತಿತು.

ಮೊದಲು ಬಾಯಿ ಬಂದದ್ದು ಸುಲ್ತೋನ್‌ಬೇಗಿಮ್‌ಗೇ. "ಅಯ್ಯೋ! ಎಲ್ಚಿಬೆಕ್! ಯಾವಾಗ ಬಂದ್ಯಪ್ಪಾ ರಷ್ಯಾದಿಂದ?"

ಶಕರ್‌ಮೊ ಇಡೀ ದಾರಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದನ್ನೇ ಹೇಳಿದಳು.

"ಅವನು ರಷ್ಯಾಕ್ಕೆ ಹೋಗೇ ಇರಲಿಲ್ಲ. ನಮ್ಮ ಉಗ್ರಾಣದಲ್ಲಿದ್ದ. ಬಿಳಿ ಪುಡಿಗೆ ಸಿಕ್ಕಿಹಾಕ್ಕೊಂಡಿದಾನೆ. ಔಷಧಿಗೆ ಕರ್ಕೊಂಡು ಹೋಗ್ತಿದೀನಿ. ನಾಳೆನೂ ಹೋಗ್ತೀನಿ, ನಾಡಿದ್ದೂ ಹೋಗ್ತೀನಿ. ಚಾಕಲೇಟು ಹಸಿರು ಬಾಗಿಲಿನ ಅಂಗಡೀದೇ. ತಿಂದವರು ಕ್ಷಮಿಸಿ."

ಒಂದು ಕೋಳಿ ಮಾತ್ರ ಬುಟ್ಟಿಯೊಳಗೆ ಕೊಕ್ ಎಂದಿತು.

"ಇದನ್ನೆಲ್ಲ ಹೀಗೆ ಬೀದೀಲಿ ಹೇಳೋಕೆ ನಾಚ್ಕೆ ಆಗಲ್ವೇನೇ?" ಎಂದಳು ಸುಲ್ತೋನ್‌ಬೇಗಿಮ್. ಈ ಸಲ ಅವಳ ದನಿ ಸಣ್ಣದಾಗಿತ್ತು.

"ಆಗುತ್ತೆ. ನಿನ್ನೆ ಅವನ ತುಟಿ ನೀಲಿಯಾಗಿತ್ತು. ಬಾಗಿಲಿಗೆ ಅಡ್ಡ ನಿಂತಿದ್ದವಳು ನಾನು. ಅದನ್ನ ನೆನೆಸ್ಕೊಂಡ್ರೆ ಇದಕ್ಕಿಂತ ಜಾಸ್ತಿ ನಾಚ್ಕೆ ಆಗುತ್ತೆ."

ವ್ಯಾನಿನೊಳಗಿದ್ದ ಮುದುಕನೊಬ್ಬ, ಅಂದು ಮರದ ಮೇಲೆ ಕೊಂಬೆ ಕುಲುಕುತ್ತಿದ್ದವನೇ, ತನ್ನ ಮೂಟೆಯನ್ನು ತೊಡೆಯ ಮೇಲೆಳೆದುಕೊಂಡು ಸರಿದ. "ನಮ್ಮ ಮನೆ ಬೆಳಕಿಂಡಿ ಕೂರಿಸಿದ ಕೈ ಅಲ್ವಾ ಇದು? ಬಾ ಮಗಾ, ಕಿಟಕಿ ಪಕ್ಕ ಕೂರು. ನಿಂಗೆ ಗಾಳಿ ಬೇಕು."

ಅವತ್ತಿನಿಂದ ಎಲ್ಚಿಬೆಕ್ ಆ ಕಿಟಕಿಯ ಪಕ್ಕ ಕುಳಿತು ದಿನಾ ಹೋಗಿಬಂದ. ಕೆಲವು ದಿನ ಅಮ್ಮ, ಕೆಲವು ದಿನ ನೋಜನಿನ್ ಜೊತೆಗೆ ಹೋದರು. ಮೈನಡುಕ ನಿಂತಿತು. ಹಸಿವು ಮರಳಿತು. ಇಮತ್‌ಶೊ ಮಾಳಿಗೆಯ ಮೇಲಿನ ಫೋನು ನಿಲ್ಲಿಸಿ ಮತ್ತೆ ಕಟ್ಟೆಗೆ ಹೋದ. ಯಾರೋ "ರಷ್ಯಾದಲ್ಲಿ ಹಿಮ ಹೇಗಿದೆ?" ಎಂದು ಕುಟುಕಿದರು. "ಕರಗ್ತಾ ಇದೆ" ಎಂದು ಹೇಳಿ ಪಕ್ಕದಲ್ಲೇ ಜಾಗ ಮಾಡಿಕೊಂಡು ಕುಳಿತ.

ಎಲ್ಲ ಸಲೀಸಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಚಳಿಗಾಲದಲ್ಲಿ ಬೆಟ್ಟದ ಹಿಮ ಕುಸಿದು ರಸ್ತೆ ಮುಚ್ಚಿತು. ವ್ಯಾನು ನಿಂತಿತು. ಔಷಧಿ ಸಿಗದೆ ಮೈ ಮತ್ತೆ ಹಿಂಡತೊಡಗಿತು. ಎಲ್ಚಿಬೆಕ್ ತಡೆಯಲಾರದೆ ಹಳೆಯ ಗೆಳೆಯನ ಬಳಿ ಹೋಗಿಬಂದ. ಆದರೆ ಈ ಸಲ ಬಚ್ಚಿಡಲಿಲ್ಲ. ನೇರ ಬಂದು ಒಲೆಯ ಮುಂದೆ ಕುಳಿತಿದ್ದ ಅಮ್ಮನಿಗೆ ಹೇಳಿದ. "ಅಮ್ಮಾ, ತಗೊಂಡುಬಿಟ್ಟೆ."

ನೋಜನಿನ್ ಕೈಯಲ್ಲಿದ್ದ ಸೌಟು ಎಸೆದು, "ನಾನು ತವರಿಗೆ ಹೋಗ್ತೀನಿ" ಎಂದಳು. ಶಕರ್‌ಮೊ ತಡೆಯಲಿಲ್ಲ. "ಹೋಗಿ ನಾಲ್ಕು ದಿನ ಮಲಗಿ ಬಾ ತಾಯಿ. ನಿಂಗೆ ಬೇಕು" ಎಂದಳು. ಹಾಗೆ ಹೇಳಿದ್ದರಿಂದಲೋ ಏನೋ, ನೋಜನಿನ್ ಹೋಗಿ, ಚೆನ್ನಾಗಿ ಮಲಗಿ, ಮರಳಿ ಬಂದಳು.

ಸುದ್ದಿ ತಿಳಿದು ಬಂದ ರಾನೊ ಬೈಯಲಿಲ್ಲ. "ಬಿದ್ದಿದ್ದಾನೆ, ಸರಿ. ಸತ್ತಿಲ್ಲವಲ್ಲ. ಈ ಕಾಯಿಲೇಲಿ ಹೀಗೂ ಆಗುತ್ತೆ. ಹಿಮ ಬೀಳುತ್ತೆ ಅಂತ ಗೊತ್ತಿದ್ದೂ ಮೊದಲೇ ಏರ್ಪಾಡು ಮಾಡದೇ ಇದ್ದದ್ದು ನಂದೂ ತಪ್ಪೇ" ಎಂದಳು. ಕೇಂದ್ರದ ವೈದ್ಯರ ಜೊತೆ ಮಾತಾಡಿ, ರಸ್ತೆ ಮುಚ್ಚಿದ ದಿನಗಳಿಗೆ ಔಷಧಿಯನ್ನು ತನ್ನ ಬಳಿಯೇ ಬೀಗದಲ್ಲಿಟ್ಟು ಕೊಡುವ ವ್ಯವಸ್ಥೆ ಮಾಡಿಸಿದಳು. ರಸ್ತೆ ತೆರೆದ ಮೊದಲ ಬೆಳಗ್ಗೆ ಶಕರ್‌ಮೊ ಮತ್ತೆ ಕೆಂಪು ಅಂಗಿ ತೊಟ್ಟು ಮಗನ ಜೊತೆ ಮರದ ಕೆಳಗೆ ನಿಂತಳು.

"ಮತ್ತೆ ಶುರುವಿಂದಾನಾ?" ಎಂದು ಯಾರೋ ಗೊಣಗಿದರು.

"ಶುರುವಿಂದ ಅಲ್ಲ. ಬಿದ್ದ ಜಾಗದಿಂದ" ಎಂದಳು ಶಕರ್‌ಮೊ.

ಅಲ್ಲೇ ನಿಂತಿದ್ದ ಸುಲ್ತೋನ್‌ಬೇಗಿಮ್ ಈ ಮಾತು ಕೇಳಿ ತಲೆವಸ್ತ್ರದ ಅಂಚು ಕಚ್ಚಿಕೊಂಡಳು. ಆ ದಿನ ಅವಳು ಬಜಾರಿಗೆ ಹೋಗಲೇ ಇಲ್ಲ, ಮನೆಗೆ ಹಿಂತಿರುಗಿದಳು.

ವಸಂತ ಬಂತು. ಆರೋಗ್ಯ ಕೇಂದ್ರಕ್ಕೆ ಒಂದು ಕೋಣೆ ಸೇರಿಸಬೇಕೆಂದು ಊರು ನಿರ್ಧರಿಸಿತು. ಶುಕ್ರವಾರದ ಹೆಂಗಸರಿಗೆ ಕೂರಲು ಜಾಗ ಸಾಲುತ್ತಿರಲಿಲ್ಲ. ನಮ್ಮಲ್ಲಿ ಮನೆ ಕಟ್ಟುವುದಾದರೆ ಊರೆಲ್ಲ ಬಂದು ಕೂಲಿಯಿಲ್ಲದೆ ಕೈ ಹಾಕುತ್ತದೆ. ಕಲ್ಲು ಬಂತು, ಮಣ್ಣು ಬಂತು, ಗೋಡೆ ಎದ್ದಿತು. ಚಾವಣಿಯ ಬೆಳಕಿಂಡಿಯ ತೊಲೆಗಳೂ ಬಂದವು. ಅದನ್ನು ಕೂರಿಸುವ ಕೈ ಊರಿನಲ್ಲಿದ್ದದ್ದು ಒಂದೇ.

"ನನ್ನ ಹತ್ರ ಉಪಕರಣ ಇಲ್ಲ. ಎಲ್ಲ ಮಾರಿಬಿಟ್ಟೆ" ಎಂದ ಎಲ್ಚಿಬೆಕ್, ನೆಲ ನೋಡುತ್ತ.

ಇಮತ್‌ಶೊ ಮನೆಗೆ ಹೋದ. ಹಿಟ್ಟಿನ ಪೆಟ್ಟಿಗೆಯನ್ನು ಪಕ್ಕಕ್ಕೆ ದೂಡಿ, ಅದರ ಅಡಿಯಿಂದ ಬಟ್ಟೆ ಸುತ್ತಿದ ಗಂಟೊಂದನ್ನು ತಂದ. ಒಳಗೆ ಮರ ಕೆತ್ತುವ ಒಂದು ಬಾಚಿ ಇತ್ತು, ಅವನ ಅಪ್ಪನ ಕಾಲದ್ದು. "ಇದೊಂದನ್ನ ನಿನ್ನಿಂದ ಬಚ್ಚಿಟ್ಟಿದ್ದೆ. ಈಗ ತಗೋ" ಎಂದ.

ಎಲ್ಚಿಬೆಕ್ ಬಾಚಿಯ ಹಿಡಿಯನ್ನು ಸವರಿದ. ಉಗ್ರಾಣದಲ್ಲಿ ಮಲಗಿದ್ದಷ್ಟು ದಿನವೂ ಅದು ತನ್ನ ತಲೆಯ ಪಕ್ಕದಲ್ಲೇ ಇತ್ತೆಂದು ಆಗ ಗೊತ್ತಾಯಿತು. ಉಳಿದ ಉಪಕರಣಗಳು ಒಂದೊಂದು ಮನೆಯಿಂದ ಬಂದವು. ಅವನು ಮೇಲೆ ಹತ್ತಿದ. ಬೆನ್ನು ನೋಯದಂತೆ ಸೊಂಟಕ್ಕೆ ಪಟ್ಟಿ ಕಟ್ಟಿ, ಚೌಕದ ಮೇಲೆ ಚೌಕ ತಿರುಗಿಸಿ, ತೊಲೆ ತೊಲೆಗೆ ಹಲ್ಲು ಕೂರಿಸಿದ. ಕೊನೆಯ ಚೌಕ ಕಟಕ್ಕೆಂದು ಕೂತಾಗ ಬೆಳಕು ನೇರ ನೆಲಕ್ಕೆ ಇಳಿಯಿತು. ಕೆಳಗೆ ನಿಂತ ಜರಿನ ಆ ಬೆಳಕಿನ ಚೌಕದೊಳಗೆ ಜಿಗಿದು, ತನ್ನ ಶಾಲೆಯ ಗೆಳತಿಯರಿಗೆಲ್ಲ ಕೇಳುವಂತೆ ಕೂಗಿದಳು. "ಅದು ನಮ್ಮಪ್ಪ! ಮೇಲಿರೋದು ನಮ್ಮಪ್ಪ!"

ಶಕರ್‌ಮೊ ತಂದೂರಿನ ಬಳಿ ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಪಕ್ಕದ ಊರಿಂದ ಬಂದ ಹೆಂಗಸೊಬ್ಬಳು "ಯಾರ ಮಗ ಅದು? ಒಳ್ಳೆ ಕೈ!" ಎಂದಳು.

"ನನ್ನ ಮಗ" ಎಂದಳು ಶಕರ್‌ಮೊ. "ಪುಡಿಯ ಕಾಯಿಲೆ ಇತ್ತು. ದಿನಾ ಔಷಧಿ ತಗೋತಾನೆ. ಇವತ್ತೂ ತಗೊಂಡೇ ಮೇಲೆ ಹತ್ತಿರೋದು." ಹೇಳುವಾಗ ಅವಳ ತಲೆ ಬೆಟ್ಟದ ಹಾಗೆ ನೆಟ್ಟಗಿತ್ತು. ಮಾಸ್ಕೋದ ಕಥೆ ಹೇಳುತ್ತಿದ್ದಾಗ ಒಂದು ದಿನವೂ ಹಾಗಿರಲಿಲ್ಲ.

ಆ ಹೆಂಗಸು ಅತ್ತ ಹೋದ ಮೇಲೆ ಸುಲ್ತೋನ್‌ಬೇಗಿಮ್ ಬಂದು ಪಕ್ಕದಲ್ಲಿ ಕುಳಿತಳು. ಹಿಟ್ಟಿನ ಉಂಡೆ ತೆಗೆದುಕೊಂಡಳು. ತಟ್ಟಿದಳು. ಮತ್ತೆ ಉಂಡೆ ಮಾಡಿದಳು. ಮತ್ತೆ ತಟ್ಟಿದಳು.

"ರೊಟ್ಟಿ ಸತ್ತೇಹೋಯ್ತು ಕಣೇ. ಏನು ವಿಷಯ?" ಎಂದಳು ಶಕರ್‌ಮೊ.

"ಆ ಹಸಿರು ಬಾಗಿಲಿನ ಅಂಗಡಿ…" ಸುಲ್ತೋನ್‌ಬೇಗಿಮ್ ನಿಲ್ಲಿಸಿದಳು. ನದಿಯಾಚೆಗೆ ಕೇಳುವ ದನಿ ಈಗ ತಂದೂರಿನ ಬೆಂಕಿಗೂ ಕೇಳದಂತಿತ್ತು. "ಅಲ್ಲಿ ಆ ಚಾಕಲೇಟು ಸಿಗುತ್ತೆ ಅಂತ ನಂಗೆ ಹೇಗೆ ಗೊತ್ತಿತ್ತು ಅಂತ ನೀನು ಯಾವತ್ತೂ ಕೇಳ್ಲಿಲ್ಲ."

ಶಕರ್‌ಮೊಳ ಕೈ ನಿಂತಿತು.

"ನಾನೂ ಅಲ್ಲೇ ಕೊಳ್ತಿದ್ದೆ ಕಣೇ. ನಮ್ಮ ಮುಬೋರಕ್‌ಶೊನೂ… ರಷ್ಯಾದಲ್ಲಿಲ್ಲ. ದನದ ಕೊಟ್ಟಿಗೆ ಪಕ್ಕದ ಕೋಣೇಲಿದಾನೆ. ಎರಡು ವರ್ಷ ಆಯ್ತು." ಅವಳು ತಲೆ ತಗ್ಗಿಸಿದಳು. "ನಿಂಗೆ ನಾಚ್ಕೆ ಆಗಲ್ವಾ ಅಂತ ಕೇಳಿದ್ದೆ. ಅಂದು ಮನೆಗೆ ಹೋಗಿ ಅವನ ಮುಖ ನೋಡೋಕೆ ಆಗ್ಲಿಲ್ಲ."

ಶಕರ್‌ಮೊ ಹಿಟ್ಟು ಮೆತ್ತಿದ ತನ್ನ ಕೈಯನ್ನು ಗೆಳತಿಯ ಹಿಟ್ಟು ಮೆತ್ತಿದ ಕೈಯ ಮೇಲಿಟ್ಟಳು. ಆಮೇಲೆ ಎದ್ದು, ತಂದೂರಿನಿಂದ ಬಿಸಿ ರೊಟ್ಟಿಯೊಂದನ್ನು ತೆಗೆದು ಎರಡು ತುಂಡು ಮಾಡಿ, ದೊಡ್ಡದನ್ನು ಅವಳಿಗೆ ಕೊಟ್ಟಳು.

"ಬೆಳಗ್ಗೆ ಬೇಗ ಬನ್ನಿ. ಕಿಟಕಿ ಪಕ್ಕದ ಜಾಗ ಅವನಿಗೆ. ನಮ್ಮ ಎಲ್ಚಿಬೆಕ್ ಸರಿದು ಕೂರ್ತಾನೆ. ಮತ್ತೆ ನೋಡು, ಆ ಕೋಳಿ ಮಾತ್ರ ಬೇಡ. ಜಾಗ ಇರಲ್ಲ."

ಸುಲ್ತೋನ್‌ಬೇಗಿಮ್ ಅಳುತ್ತಲೇ ನಕ್ಕಳು. ಮಾರನೆಯ ಬೆಳಗ್ಗೆ ಮರದ ಕೆಳಗೆ ಇಬ್ಬರು ತಾಯಂದಿರು ತಮ್ಮ ತಮ್ಮ ಮಕ್ಕಳ ಕೈ ಹಿಡಿದು, ಇಬ್ಬರೂ ಹಬ್ಬದ ಅಂಗಿ ತೊಟ್ಟು ನಿಂತಿದ್ದರು.

ಇದನ್ನು ಓದುತ್ತಿರುವ ಅಮ್ಮಾ, ಅಪ್ಪಾ, ಅಕ್ಕಾ, ತಮ್ಮಾ, ನಮ್ಮೂರಲ್ಲಿ ಆ ಸುಳ್ಳಿಗೆ ರಷ್ಯಾ ಎಂದು ಹೆಸರು. ನಿಮ್ಮೂರಲ್ಲಿ ಅದನ್ನು ದುಬೈ ಎನ್ನಬಹುದು, ಮುಂಬಯಿ ಎನ್ನಬಹುದು, ಹಾಸ್ಟೆಲು ಎನ್ನಬಹುದು, "ಸ್ವಲ್ಪ ಹುಷಾರಿಲ್ಲ, ಮಲಗಿದಾನೆ" ಎನ್ನಬಹುದು. ನಿಮ್ಮ ಮನೆಯ ಯಾವುದೋ ಕೋಣೆಯಲ್ಲಿ ನಿಮ್ಮ ಜೀವದ ಜೀವವೊಂದು ಹಾಗೆ ಮಲಗಿದ್ದರೆ, ಬೀಗ ಹಾಕಬೇಡಿ, ಆಣೆ ಮಾಡಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ, ಸರ್ಕಾರಿ ಆಸ್ಪತ್ರೆಗೆ ಹೋಗಿ ಬಾಯಿ ಬಿಟ್ಟು ಹೇಳಿ. ಅವನು ಎಚ್ಚರ ತಪ್ಪಿ ಬಿದ್ದು ತುಟಿ ನೀಲಿಯಾದರೆ, ಯಾರು ನೋಡುತ್ತಾರೋ ಎಂದು ಯೋಚಿಸುತ್ತ ನಿಲ್ಲದೆ ಕೂಡಲೇ ಆಸ್ಪತ್ರೆಯ ಗಾಡಿ ಕರೆಸಿ. ಒಮ್ಮೆ ಜಾರಿದರೆ ಕೈ ಬಿಡಬೇಡಿ. ಅವನನ್ನು ನೋಡಿಕೊಳ್ಳುತ್ತಾ ನೀವು ಊಟ, ನಿದ್ದೆ ಮರೆತಿದ್ದರೆ, ನಿಮಗೂ ಒಂದು ಬಟ್ಟಲು ಚಹಾ ಮತ್ತು ಕೇಳುವ ಕಿವಿ ಬೇಕು. ಅದನ್ನು ಕೇಳಿ ಪಡೆಯಿರಿ.

ನಾಳೆ ಬೆಳಗ್ಗೆ ಒಳ್ಳೆಯ ಬಟ್ಟೆ ತೊಟ್ಟು, ಕೈ ಹಿಡಿದು, ಬೀದಿಯ ನಡುವೆಯೇ ಹೊರಡಿ. ಪಕ್ಕದ ಮನೆಯವಳು ಏನಾದರೂ ಕೇಳಿದರೆ ನಿಜ ಹೇಳಿ. ನಿಮ್ಮ ಆ ಮಾತಿಗಾಗಿಯೇ ಅವಳು ಎಷ್ಟೋ ದಿನದಿಂದ ಕಾಯುತ್ತಿರಬಹುದು.